ಮಗುಚಿ ಹಾಕಿದ ಅಚ್ಚು

ಗಾಡಿ ನಿಲ್ಲಿಸಿದ ಕೂಡಲೇ ಕರಿಯಯ್ಯನವರು ಕೆಳಗಿಳಿದು, ನಾಲ್ಕೂ ಚಕ್ರಗಳ ನಡುವಿನ ಗುಂಬಕ್ಕೆ ಒಂದೊಂದಾಗಿ ಅಂಗೈ ಇಟ್ಟು ನೋಡುತ್ತಾರೆ. ಬಿಸಿಯಾಗಿದ್ದರೆ ಒಳಗೆ ಏನೋ ಕೆಟ್ಟಿದೆ ಎಂದು ಅರ್ಥ. ಅವರದು ಕುರಿ ಸಾಕಿದ ಮನೆತನ. ಕುರಿಗೆ ಜ್ವರ ಬಂದಿದೆಯೇ ಎಂದು ಕಿವಿ ಹಿಡಿದು ನೋಡುತ್ತಿದ್ದ ಕೈ ಅದು. ಮಂದೆಯನ್ನು ಮಾರಿ ಪಿಕಪ್ ಗಾಡಿ ತಂದ ಮೇಲೂ ಆ ಕೈಯ ಹಳೆಯ ಅಭ್ಯಾಸ ಹೋಗಲಿಲ್ಲ.

ನಮ್ಮೂರು ಜಾಲಿದೊಡ್ಡಿ. ಕೂಟಗಲ್‌ನಿಂದ ನಾಲ್ಕು ಕಿಲೋಮೀಟರು ಒಳಗೆ, ಬಂಡೆಗಳ ಸಂದಿಯಲ್ಲಿ ಮೂವತ್ತು ಮನೆ. ಕೂಟಗಲ್‌ಗೆ ಹೋಗುವಾಗ ಮಧ್ಯೆ ಒಂದು ಹಳ್ಳ ಸಿಗುತ್ತದೆ. ಇಳಿಯುವುದು ಸುಲಭ, ಆಚೆ ದಡ ಹತ್ತುವುದು ಕಷ್ಟ. ಎತ್ತಿನ ಗಾಡಿಯವರೂ ಅಲ್ಲಿ ಎತ್ತುಗಳಿಗೆ ಒಂದು ಗಳಿಗೆ ಸುಧಾರಿಸಿಕೊಳ್ಳಲು ಬಿಟ್ಟೇ ಹತ್ತಿಸುತ್ತಿದ್ದರು.

2004ರ ಹೊತ್ತಿಗೆ ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದಿದ್ದವು. ಒಂದು ಗಾರ್ಮೆಂಟ್ಸ್‌ನವರು ಕೂಟಗಲ್‌ವರೆಗೆ ಬಸ್ ಕಳಿಸತೊಡಗಿದರು. ನಮ್ಮ ದೊಡ್ಡಿಯಿಂದ ಹನ್ನೊಂದು ಜನ ಹೆಂಗಸರು ಕೆಲಸಕ್ಕೆ ಸೇರಿದರು. ನಮ್ಮವ್ವ ಹನುಮಂತಮ್ಮನೂ ಅವರಲ್ಲಿ ಒಬ್ಬಳು. ನಾನಾಗ ರಾಮನಗರದಲ್ಲಿ ಪಿಯುಸಿ ಓದುತ್ತಿದ್ದೆ. ಮುಂದೆ ಓದುವೆನೋ ಇಲ್ಲವೋ ಎಂಬುದು ಅವ್ವನ ಆ ಕೆಲಸದ ಮೇಲೆಯೇ ನಿಂತಿತ್ತು. ಬಸ್ಸು ಬೆಳಿಗ್ಗೆ ಆರೂವರೆಗೆ ಹೊರಡುತ್ತಿತ್ತು. ನಸುಕಿನ ಕತ್ತಲಲ್ಲಿ ಕರಡಿ, ಚಿರತೆ ತಿರುಗುವ ದಾರಿ, ನಡೆದು ಹೋಗುವಂತಿರಲಿಲ್ಲ. ಕರಿಯಯ್ಯನವರು ಹನ್ನೊಂದು ಮನೆಗೂ ತಾವೇ ಹೋಗಿ ಒಂದೇ ಮಾತು ಹೇಳಿ ಬಂದಿದ್ದರು. "ಬಸ್ ತಪ್ಪಕ್ಕೆ ಬುಡಾಕಿಲ್ಲ ಕಣ್ರವ್ವ. ನಾನಿವ್ನಿ."

ಅವರ ಪಿಕಪ್ ಒಂದು ಕಲ್ಲುಕ್ವಾರಿಯವರು ಮಾರಿದ್ದು. ಸಣ್ಣ ಗಾಡಿ, ಆದರೆ ಒಂದು ಲಿವರ್ ಎಳೆದರೆ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಸಿಗುತ್ತಿತ್ತು. ತೊಂದರೆ ಇದ್ದದ್ದು ಮುಂದಿನ ಚಕ್ರಗಳಲ್ಲಿ. ಅವಕ್ಕೆ ಬಲ ಮುಟ್ಟಿಸುವ ಎರಡು ಶಾಫ್ಟುಗಳು ಬಹಳ ಸಣ್ಣ. ಟಾರು ರಸ್ತೆಗೆ ಸರಿ, ಹಳ್ಳದ ಬಂಡೆಗೆ ಅಲ್ಲ. ಎರಡು ತಿಂಗಳಲ್ಲಿ ಮೂರು ಸಲ ಮುರಿದವು. ಮೂರನೆಯ ಸಲ ಮುರಿದಾಗ ಹೆಂಗಸರು ಸೀರೆ ಎತ್ತಿ ಕಟ್ಟಿ ಓಡಿದರೂ ಬಸ್ಸು ಸಿಗಲಿಲ್ಲ.

ಗಂಗಲಕ್ಷ್ಮಮ್ಮ ಚಿಕ್ಕಮ್ಮನ ಬಾಯಿಗೆ ಊರೇ ಹೆದರುತ್ತಿತ್ತು. ಹಿಂದಿರುಗಿ ಬಂದವಳು ಗಾಡಿಯ ಮುಂದೆ ನಿಂತು ಹೇಳಿದಳು:

"ಕುರಿ ಕಾಲು ಮುರಿದಿದ್ರೆ ಊರ್ಗೆಲ್ಲ ಬಾಡಾದ್ರೂ ಆಗೋದು ಕರಿಯಣ್ಣ. ಇದ್ರ ಕಾಲು ಮುರಿದ್ರೆ ಏನು ಬಂತು?"

ಎಲ್ಲರೂ ನಕ್ಕರು. ಕರಿಯಯ್ಯನವರು ನಗಲಿಲ್ಲ. ಮರುದಿನ ಗುರುವಾರ, ಬಸ್ಸಿನ ಉಸ್ತುವಾರಿ ನೋಡುತ್ತಿದ್ದ ಕಾರ್ಖಾನೆಯವನು ದೊಡ್ಡಿಗೇ ಬಂದು ಹೆಂಗಸರಿಗೆ ಖಂಡಿತವಾಗಿ ಹೇಳಿದ. "ಸೋಮವಾರದಿಂದ ಒಂದು ದಿನ ತಪ್ಪಿದ್ರೂ ಹನ್ನೊಂದು ಹೆಸ್ರೂ ತೆಗೀತೀವಿ. ಬೇರೆ ಊರವ್ರು ಕಾಯ್ತಾ ಅವ್ರೆ."

ಅವತ್ತೇ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಪಿಕಪ್ಪನ್ನು ರಾಮನಗರದ ವಹಾಬ್ ಸಾಬರ ಶೆಡ್ಡಿಗೆ ಎಳೆದೊಯ್ದರು. ಸಾಬರು ಜೀಪು ರಿಪೇರಿಯಲ್ಲೇ ತಲೆ ನರೆತವರು. ಗಾಡಿಯ ಕೆಳಗೆ ನುಗ್ಗಿ ನೋಡಿ ಹೊರಬಂದರು.

"ಕರಿಯಣ್ಣ, ಇದ್ರ ಮುಂಗಾಲು ಮೇಕೆ ಮರಿದು. ನಿಮ್ಮೂರ ದಾರಿಗೆ ಕೋಣದ ಕಾಲು ಬೇಕು."

ಕೋಣದ ಕಾಲು ಅವರ ಶೆಡ್ಡಿನ ಹಿಂದೆಯೇ ಬಿದ್ದಿತ್ತು. ಗುಜರಿಗೆ ಬಂದ ಹಳೆಯ ಜೀಪಿನ ಎರಡು ಅಚ್ಚುಗಳು. ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಗಟ್ಟಿ ಕಬ್ಬಿಣದ ಕೊಳವೆ, ಒಳಗೆ ಮಣಿಕಟ್ಟಿನಷ್ಟು ದಪ್ಪದ ಶಾಫ್ಟು. ಅವನ್ನು ಹಾಕಿಬಿಟ್ಟರೆ ಮುರಿಯುವ ಮಾತೇ ಇಲ್ಲ. ಶುಕ್ರವಾರ ಸಂಜೆಯೊಳಗೆ ಹಿಂದಿನ ಅಚ್ಚು ಕೂತಿತು. ಶನಿವಾರ ಮುಂದಿನದಕ್ಕೆ ಕೈ ಹಾಕಿದಾಗ ಕೆಲಸ ನಿಂತಿತು.

ನಾನು ಕಾಲೇಜು ಮುಗಿಸಿ, ಕರಿಯಯ್ಯನವರ ಮನೆಯಿಂದ ಕೊಟ್ಟಿದ್ದ ಬುತ್ತಿ ತಲುಪಿಸಲು ಅಲ್ಲಿಗೆ ಹೋಗಿದ್ದೆ. ಇಬ್ಬರೂ ಅಚ್ಚಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅಚ್ಚಿನಲ್ಲಿ ಹಲ್ಲುಚಕ್ರಗಳಿರುವ ಒಂದು ಉಬ್ಬು ಇರುತ್ತದೆ, ಸಾಬರು ಅದನ್ನು ಬುರುಡೆ ಅನ್ನುತ್ತಿದ್ದರು. ಎಂಜಿನ್ನಿನ ಬಲ ತರುವ ಉದ್ದ ಶಾಫ್ಟು ಈ ಗಾಡಿಯಲ್ಲಿ ಎಡಗಡೆ ಬರುತ್ತಿತ್ತು. ಜೀಪಿನ ಅಚ್ಚಿನ ಬುರುಡೆ ಬಲಗಡೆಗಿತ್ತು.

"ಕೊಳವೆ ಕುಯ್ದು, ಒಂದು ಕಡೆ ಉದ್ದ ಮಾಡಿ, ಇನ್ನೊಂದು ಕಡೆ ಮೋಟು ಮಾಡಿ ವೆಲ್ಡಿಂಗ್ ಹೊಡೀಬೇಕು. ಒಂದು ವಾರದ ಕೆಲ್ಸ," ಎಂದರು ಸಾಬರು.

"ಸೋಮವಾರಕ್ಕೆ ಬೇಕಲ್ಲ ಸಾಬ್ರೇ."

ಕರಿಯಯ್ಯನವರು ಅಚ್ಚಿನ ಮೇಲೆ ಕೈ ಆಡಿಸುತ್ತಾ, "ಎತ್ತಿನ ಗಾಡಿ ಅಚ್ಚು ಒಂದು ಮೈ ಸವೆದ್ರೆ ಮಗುಚಿ ಹಾಕ್ತೀವಿ. ಇನ್ನೊಂದು ಮೈಯಲ್ಲಿ ಹತ್ತು ವರ್ಷ ಓಡ್ತದೆ. ಇದ್ನೂ ಮಗುಚಿದ್ರೆ ಬುರುಡೆ ಎಡಕ್ಕೆ ಬತ್ತದಲ್ವಾ?" ಎಂದರು.

ಸಾಬರು ಅಚ್ಚನ್ನು ನೋಡಿದರು, ಗಡಿಯಾರ ನೋಡಿದರು. ಎರಡು ದಿನದಿಂದ ಅವರು ಸರಿಯಾಗಿ ಮಲಗಿರಲಿಲ್ಲ. "ಬತ್ತದೆ," ಎಂದರು. ಮಗುಚಿದರು.

ಭಾನುವಾರ ಮಧ್ಯಾಹ್ನ ಪಿಕಪ್ ಎತ್ತರವಾಗಿ, ಗಂಭೀರವಾಗಿ ಊರಿಗೆ ಬಂತು. ಬರುವಾಗ ರಸ್ತೆ ಚೆನ್ನಾಗಿತ್ತು, ಹಳ್ಳ ಇಳಿಜಾರಾಗಿತ್ತು, ನಾಲ್ಕು ಚಕ್ರದ ಲಿವರ್ ಎಳೆಯುವ ಅಗತ್ಯವೇ ಬಿದ್ದಿರಲಿಲ್ಲ. ಸಾಬರೂ ಪಕ್ಕದಲ್ಲಿ ಕೂತು ಬಂದಿದ್ದರು. ಗಾಡಿ ತಿರುಗಿಸಿ ಆಚೆ ದಡ ಹತ್ತಿಸಿ ತೋರಿಸೋಣ ಎಂದು ಹೊರಟಾಗ ಊರೆಲ್ಲ ಹಳ್ಳದ ಬಳಿ ಸೇರಿತು.

ಕರಿಯಯ್ಯನವರು ಲಿವರ್ ಎಳೆದರು. ಗಾಡಿ ಗಡಗಡ ನಡುಗಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ನಿಂತಲ್ಲೇ ಮರಳಿನೊಳಗೆ ಇಳಿಯತೊಡಗಿತು.

"ಏನ್ ಕರಿಯಣ್ಣ, ಒಂದು ಗಾಲಿ ಮಾಗಡಿಗೆ ಹೊಂಟದೆ, ಇನ್ನೊಂದು ಕನಕಪುರಕ್ಕೆ ಹೊಂಟದೆ!" ಎಂದಳು ಗಂಗಲಕ್ಷ್ಮಮ್ಮ.

ಅವಳು ತಮಾಷೆಗೆ ಅಂದದ್ದು. ಜಾಕ್ ಹಾಕಿ, ಕಲ್ಲು ಕೊಟ್ಟು, ನಾಲ್ಕೂ ಚಕ್ರ ಮೇಲೆತ್ತಿ ಎಂಜಿನ್ ಶುರುಮಾಡಿದಾಗ ಅದೇ ನಿಜವಾಗಿತ್ತು. ಹಿಂದಿನ ಚಕ್ರಗಳು ಮುಂದಕ್ಕೆ ತಿರುಗುತ್ತಿದ್ದವು, ಮುಂದಿನ ಚಕ್ರಗಳು ಹಿಂದಕ್ಕೆ. ಎತ್ತಿನ ಗಾಡಿಯ ಅಚ್ಚು ತಾನು ತಿರುಗುವುದಿಲ್ಲ, ಮಗುಚಿದರೂ ನಡೆಯುತ್ತದೆ. ಇದರ ಹೊಟ್ಟೆಯಲ್ಲಿ ಹಲ್ಲುಚಕ್ರಗಳಿದ್ದವು. ಮಗುಚಿದ ಮೇಲೆ ಅವುಗಳ ದಿಕ್ಕೇ ಬದಲಾಗಿತ್ತು.

"ಸಾಬ್ರು ಗಾಡಿ ಕೆಡಿಸಾಕುದ್ರು," ಎಂದು ಗುಂಪಿನಲ್ಲಿ ಯಾರೋ ಅಂದರು.

ಕರಿಯಯ್ಯನವರು ಎದ್ದು ನಿಂತರು. "ಯಾವನ್ಲಾ ಅದು? ಮಗುಚು ಅಂದೋನು ನಾನು. ಕೆಡಿಸ್ದೋನೂ ನಾನೇ. ಬಯ್ಯೋದಾದ್ರೆ ನನ್ನ ಬಯ್ಯಿ."

"ಇಲ್ಲ ಕರಿಯಣ್ಣ," ಎಂದರು ಸಾಬರು. "ಹೇಳೋರು ನೂರು ಹೇಳ್ತಾರೆ. ಸ್ಪ್ಯಾನರ್ ನನ್ನ ಕೈಲಿತ್ತು."

ಅವ್ವ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಕರಿಯಯ್ಯನವರು ಹಿಂದಿನ ಚಕ್ರದ ಗುಂಬದ ಮೇಲೆ ಕೈ ಇಟ್ಟುಕೊಂಡು ಯೋಚಿಸುತ್ತಿದ್ದರು.

"ಹಿಂಗಾಲು ಚೆನ್ನಾಗೈತಲ್ಲ ಸಾಬ್ರೇ. ಅದೊಂದೇ ಹತ್ತಾಕಿಲ್ವಾ?"

"ಗಟ್ಟಿ ಏನೋ ಐತೆ. ಮುಂದಿನ ಶಾಫ್ಟು ಬಿಚ್ಚಿಬಿಟ್ರೆ ಹಿಂದಿನದು ಎಳೀತದೆ. ಆದ್ರೆ ಹಿಂದೆ ಭಾರ ಬೇಕು. ಇಲ್ದಿದ್ರೆ ಚಕ್ರ ಜಾರ್ತದೆ."

"ಭಾರ ತಾನೆ?" ಎಂದಳು ಗಂಗಲಕ್ಷ್ಮಮ್ಮ. "ಹನ್ನೊಂದು ಜನ ಇಲ್ಲೇ ನಿಂತಿವಿ, ಕಣ್ಗೆ ಕಾಣಾಕಿಲ್ವಾ?"

ಬಿಗಿದು ನಿಂತಿದ್ದ ಜನ ನಕ್ಕುಬಿಟ್ಟರು. ಸಾಬರು ಮುಂದಿನ ಶಾಫ್ಟು ಬಿಚ್ಚಿದರು. ಕತ್ತಲಾಗುವ ಮುಂಚೆ ಹೆಂಗಸರು ಗಂಡಸರು ಸೇರಿ ಆ ದಡಕ್ಕೆ ಚಪ್ಪಟೆ ಕಲ್ಲು ಹಾಸಿದರು. ಅಲ್ಲಿಯವರೆಗೆ ಪಂಚಾಯ್ತಿಯ ದಾರಿ ಕಾಯುತ್ತಿದ್ದ ಕೆಲಸ ಅದು. ಸಾಬರು ಊರಿಗೆ ಹೋಗದೆ ಕರಿಯಯ್ಯನವರ ಜಗುಲಿಯಲ್ಲೇ ಉಳಿದರು.

ಸೋಮವಾರ ಬೆಳಿಗ್ಗೆ ಹನ್ನೊಂದು ಜನವೂ ಗಾಡಿಯ ಹಿಂಬದಿಗೆ ಒತ್ತಿಕೊಂಡು ನಿಂತರು. ನಾನೂ ಅವ್ವನ ಪಕ್ಕ ನಿಂತೆ. ಹಳ್ಳ ಇಳಿದು ದಡ ಹತ್ತುವಾಗ ಸಾಬರು ಒಂದು ಮರದ ತುಂಡು ಹಿಡಿದು ಗಾಡಿಯ ಹಿಂದೆಯೇ ನಡೆದು ಬಂದರು. ಗಾಡಿ ಎರಡು ಸಲ ನಿಂತಿತು. ಎರಡು ಸಲವೂ ಹಿಂದಕ್ಕೆ ಜಾರುವ ಮೊದಲೇ ಅವರು ಚಕ್ರಕ್ಕೆ ತುಂಡು ಕೊಟ್ಟರು. ಅರವತ್ತು ದಾಟಿದ ಮನುಷ್ಯ. ಮೂರನೆಯ ಸಲ ಎಂಜಿನ್ನು ಒಂದೇ ಸಮನೆ ಕೂಗಿ, ಹಿಂದಿನ ಚಕ್ರಗಳು ಕಲ್ಲು ಕಚ್ಚಿದವು. ಗಾಡಿ ದಡ ಸೇರಿತು. ಸಾಬರೂ ಹತ್ತಿಕೊಂಡರು.

ಕೂಟಗಲ್ ತಲುಪಿದಾಗ ಬಸ್ಸಿನ ಎಂಜಿನ್ನು ಶುರುವಾಗಿತ್ತು. ಬಸ್ಸಿನ ಉಸ್ತುವಾರಿಯವನು ಗಡಿಯಾರ ನೋಡಿಕೊಂಡು, "ಹತ್ತಿ, ಹತ್ತಿ," ಎಂದ. ಹತ್ತುವ ಮುಂಚೆ ಗಂಗಲಕ್ಷ್ಮಮ್ಮ ಹಿಂದಿರುಗಿ, ಹಳ್ಳದ ಮಣ್ಣು ಮೆತ್ತಿಕೊಂಡಿದ್ದ ಸಾಬರಿಗೆ ಕೈ ಮುಗಿದಳು. ಅವಳು ಬಾಯಿ ಬಿಡದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹದಿನೈದು ದಿನಗಳ ಮೇಲೆ, ಹಬ್ಬಕ್ಕೆ ಕಾರ್ಖಾನೆ ಮುಚ್ಚಿದ್ದ ವಾರದಲ್ಲಿ, ಸಾಬರು ಮುಂದಿನ ಅಚ್ಚನ್ನು ಬಿಚ್ಚಿ, ಕೊಳವೆ ಕುಯ್ದು, ವೆಲ್ಡಿಂಗ್ ಮಾಡಿ, ಬುರುಡೆಯನ್ನು ಸರಿಯಾದ ಕಡೆಗೆ ತಂದು ಕೂರಿಸಿದರು. ಆಮೇಲೆ ಹಳ್ಳಕ್ಕೆ ಸೇತುವೆ ಬರುವವರೆಗೆ, ಐದು ಮಳೆಗಾಲ, ಬಸ್ಸು ಒಂದು ದಿನವೂ ತಪ್ಪಲಿಲ್ಲ. ಕರಿಯಯ್ಯನವರಿಗೆ ಮೈ ಸರಿಯಿಲ್ಲದ ದಿನಗಳೂ ಆ ಐದು ವರ್ಷದಲ್ಲಿ ಇದ್ದಿರಬೇಕು. ನಮಗೆ ಗೊತ್ತಾಗಲಿಲ್ಲ.

2008ರಲ್ಲಿ ನನ್ನ ಬಿ.ಎಸ್ಸಿ. ಮುಗಿಯಿತು. ನಮ್ಮ ಮನೆಯಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಅವ್ವನಿಗೆ ಹೇಳಿ, ಅಲ್ಲಿಂದ ನೇರ ಕರಿಯಯ್ಯನವರ ಮನೆಗೆ ಹೋದೆ. ಗಾಡಿಯ ಕೆಳಗೆ ಮಲಗಿ ಗ್ರೀಸು ತುಂಬುತ್ತಿದ್ದರು.

"ಮಾವ, ಪಾಸಾದೆ. ರಾಮನಗರದಲ್ಲಿ ಒಂದು ಸ್ಕೂಲಲ್ಲಿ ಕೆಲಸಾನೂ ಸಿಕ್ತು."

ಹೊರಬಂದವರೇ ನನ್ನ ತಲೆಯ ಮೇಲೆ ಕೈ ಇಟ್ಟರು. ಇಟ್ಟ ಮೇಲೆ ನೆನಪಾಗಿ, "ಅಯ್ಯೋ, ಗ್ರೀಸು!" ಎಂದು ಕೈ ಕಿತ್ತುಕೊಂಡರು. ಅವತ್ತು ಅವ್ವ ಎರಡು ಸಲ ಸೀಗೆಕಾಯಿ ಹಾಕಿ ಉಜ್ಜಬೇಕಾಯಿತು.

ಅವರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಆ ಗಡಿಬಿಡಿಯಲ್ಲಿ ಮರೆತೇ ಹೋದವು. ಅವರಿಗೆ ಅವು ಬೇಕಾಗಿಯೂ ಇರಲಿಲ್ಲ. ಕೈ ಒರೆಸಿಕೊಳ್ಳುತ್ತಾ ಒಂದೇ ಒಂದು ಪ್ರಶ್ನೆ ಕೇಳಿದರು.

"ನಿನ್ನ ಬಸ್ ಎಷ್ಟೊತ್ಗವ್ವ?"