ಬೋರೆಯ ಮೇಲೆ ಅಗ್ಘವಣಿ

ಮೂವತ್ತು ವರ್ಷ ತಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಬೋರ್ಡಿನ ಮೇಲೆ ಬ್ಯಾಟರಿ, ತಂತಿ, ಬಲ್ಬು ಬರೆದು, ಬಾಣದ ಗುರುತು ಹಾಕಿ, "ನೋಡ್ರೋ, ಕರೆಂಟು ಹೀಗೆ ಹರಿಯುತ್ತೆ" ಅಂದದ್ದೇ ಅಂದದ್ದು. ಮನೆಯಲ್ಲಿ ಫ್ಯೂಸ್ ಹೋದರೆ ಮಾತ್ರ ಪಕ್ಕದ ಮನೆಯವರನ್ನು ಕೂಗುತ್ತಿದ್ದೆ. ಅಂಥವಳು ರಿಟೈರ್ ಆದಮೇಲೆ ಒಂದು ಹಳೆಯ ಸ್ಕೂಲ್ ವ್ಯಾನ್ ಕೊಂಡು, ಸೀಟು ಕಿತ್ತುಹಾಕಿ, ಅದರೊಳಗೆ ಮಂಚ ಕೂರಿಸಿ, ನೀರು ದೀಪ ಎಲ್ಲ ಮಾಡಲು ಹೊರಟರೆ ಜನ ನಗದೆ ಇರುತ್ತಾರೆಯೇ? ನಗಲಿ ಬಿಡಿ. ನಾನು ಮಾಡಿದ್ದು ಜನರಿಗಲ್ಲ, ನಮ್ಮ ಅಕ್ಕನಿಗೆ.

ಅಕ್ಕ ಇರುವುದು ಹೆಮ್ಮರಗಾಲದಲ್ಲಿ. ನನಗಿಂತ ಹತ್ತು ವರ್ಷ ದೊಡ್ಡವಳು. ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸುವವರೆಗೆ ಗುಟುಕು ನೀರನ್ನೂ ಮುಟ್ಟುವವಳಲ್ಲ. ನಾನೂ ಅದೇ ಮನೆಯಲ್ಲಿ ಹುಟ್ಟಿದವಳು, ನನಗೆ ಕಣ್ಣು ಬಿಟ್ಟ ಕೂಡಲೇ ಕಾಫಿ ಬೇಕು. ಅದಿರಲಿ. ಹರೆಯದಲ್ಲಿ ಒಮ್ಮೆ ಊರಿನವರ ಜೊತೆ ಬಸ್ಸಿನಲ್ಲಿ ಶ್ರೀಶೈಲಕ್ಕೆ ಹೊರಟಿದ್ದಳು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಸ್ನಾನಕ್ಕೆ ನೀರಿಲ್ಲ, ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಬಾಯಿಗೆ ಹನಿ ನೀರಿಲ್ಲ. ಒಂದೂವರೆ ದಿನ ಹಾಗೇ ಇದ್ದು ರಸ್ತೆ ಪಕ್ಕದಲ್ಲಿ ತಲೆ ತಿರುಗಿ ಬಿದ್ದಳು. ಯಾರೋ ಬಾಯಿಗೆ ನೀರು ಬಿಡಲು ಹೋದರೆ ಹಲ್ಲು ಕಚ್ಚಿಕೊಂಡಳಂತೆ. ಅರ್ಧ ದಾರಿಯಿಂದಲೇ ವಾಪಸ್ ಕರೆತಂದರು. ಅವತ್ತಿನಿಂದ ಅಕ್ಕ ಒಂದು ರಾತ್ರಿಯೂ ಹೊರಗೆ ತಂಗಿದವಳಲ್ಲ. ನನ್ನ ಮದುವೆಗೂ ಬಂದ ದಿನವೇ ಹೋದಳು.

ಇದಕ್ಕಾಗಿ ನಾನು ಆಡಿದ ಜಗಳ ಒಂದೆರಡಲ್ಲ. "ನೀರು ಕುಡಿಯಬೇಡ ಅಂತ ಲಿಂಗ ನಿನ್ನ ಕಿವಿಯಲ್ಲಿ ಹೇಳ್ತಾ?" ಅಂತ ಕೇಳಿದರೆ ಸುಮ್ಮನೆ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದಳು. ಹೋದ ವರ್ಷ ಒಂದು ದಿನ ಮಾತ್ರ ಕಾಯಿ ಕೆಳಗಿಟ್ಟು, "ಶ್ರೀಶೈಲ ನೋಡ್ದೆ ಓಯ್ತೀನೇನೋ ಅನ್ನಿಸ್ತದೆ. ವಸಿ ನೀರಿಗೊಂದು ದಾರಿ ಮಾಡಮ್ಮಿ, ಬತ್ತೀನಿ" ಅಂದಳು. ಮಾರನೆಯ ವಾರವೇ ವ್ಯಾನ್ ಹುಡುಕಲು ಶುರು ಮಾಡಿದೆ.

ನಂಜನಗೂಡಿನ ವೆಲ್ಡಿಂಗ್ ಅಂಗಡಿಯವರು ವ್ಯಾನಿನ ಹೊಟ್ಟೆಯಡಿಗೆ ಚಪ್ಪಟೆಯಾದ ಸ್ಟೀಲ್ ಟ್ಯಾಂಕ್ ಮಾಡಿಕೊಟ್ಟರು. "ಕೆಳಗೊಂದು ನಲ್ಲಿ ಬುಡ್ತೀನಿ ಮೇಡಂ, ಕಷ್ಟಕಾಲಕ್ಕೆ ಆಯ್ತದೆ" ಅಂದರು. ಲೀಕ್ ಆಗುತ್ತೆ, ಬೇಡ ಅಂದೆ. ಮೇಷ್ಟ್ರ ಬುದ್ಧಿ, ಇನ್ನೊಬ್ಬರು ಹೇಳಿದ್ದನ್ನು ಕೇಳಿದರೆ ತಾನೇ? ಟ್ಯಾಂಕಿನಿಂದ ವ್ಯಾನಿನೊಳಗಿನ ನಲ್ಲಿಗೆ ನೀರೆತ್ತಲು ಗಿಡಗಳಿಗೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನ ಪುಟ್ಟ ಪಂಪನ್ನು ಹೊಸದಾಗಿ ತಂದು ಕೂರಿಸಿದೆ. ವ್ಯಾನಿನ ತಲೆ ಮೇಲೆ ಸೋಲಾರ್ ಪ್ಯಾನೆಲ್, ಮಂಚದ ಕೆಳಗೆ ಬ್ಯಾಟರಿ, ನಡುವೆ ಫ್ಯೂಸು. ತಂತಿಗಳನ್ನೆಲ್ಲ ನಾನೇ ಎಳೆದೆ. ಮೊದಲ ಸಲ ಸ್ವಿಚ್ ಒತ್ತಿ ಬಲ್ಬು ಹತ್ತಿಕೊಂಡಾಗ, ಅಬ್ಬಾ, ಆರಿಸಿ ಮತ್ತೆ ಹತ್ತಿಸಿ ನೋಡಿದೆ! ಅಷ್ಟು ವರ್ಷ ಬಾಯಲ್ಲಿ ಹೇಳಿದ್ದು ನಿಜವಾಗಿಯೂ ನಿಜವೇ ಇತ್ತಲ್ಲ ಅಂತ ಅಲ್ಲೇ ಕೂತುಬಿಟ್ಟೆ.

ಅಕ್ಕ ಬಂದು ನೋಡಿದಳು. ಪ್ಯಾನೆಲನ್ನು ನೋಡಿದಳು, ಬಲ್ಬನ್ನು ನೋಡಿದಳು, ಮತ್ತೆ ಪ್ಯಾನೆಲನ್ನು ನೋಡಿದಳು. "ಸದ್ದೇ ಇಲ್ವಲ್ಲಮ್ಮಿ!" ಅಂದಳು. "ತ್ರೀ ಫೇಸ್ ಯಾವಾಗ ಕೊಟ್ಟಾರು ಅಂತ ಪಂಪ್‌ಸೆಟ್ ಮುಂದೆ ಕಾದೂ ಕಾದೂ ಮುದುಕಿ ಆದೆ. ಬಿಸ್ಲು ಇಲ್ಲೇ ಬಿದ್ದಿತ್ತಲ್ಲೇ!" ಆಮೇಲೆ ಪಂಪನ್ನು ಕಂಡು ಮುಖ ಸಿಂಡರಿಸಿ, "ಔಸ್ದಿ ಒಡಿಯೋದಾ?" ಅಂದಳು. ಹೊಸದು ಕಣಕ್ಕ ಅಂತ ಅದರ ಡಬ್ಬಿ ತೋರಿಸಿ ಒಪ್ಪಿಸಬೇಕಾಯಿತು.

ಶ್ರೀಶೈಲಕ್ಕೆ ಹೋಗುವ ಮುಂಚೆ ಒಂದು ಬೆಳಿಗ್ಗೆ ಪರೀಕ್ಷೆ ಮಾಡೋಣ, ಸಂಗಮದ ಹತ್ತಿರ ಹೋಗೋಣ ಅಂದೆ. ಅಕ್ಕ ಕೇಳಲಿಲ್ಲ. "ಒಳೆ ಪಕ್ಕ ನಿಲ್ಸಿ ನೀರದೆ ಅನ್ಬೇಡ. ನೀರೇ ಇಲ್ದಿದ್ ಕಡೆ ನಿಲ್ಸು, ನೋಡವ." ಸರಿ, ಹೆಡತಲೆ ದಾಟಿ ಒಂದು ಬೋರೆಯ ಮೇಲೆ, ಕಲ್ಲು ಮತ್ತು ತಂಗಡಿ ಗಿಡ ಬಿಟ್ಟು ಬೇರೇನೂ ಇಲ್ಲದ ಎತ್ತರದಲ್ಲಿ ನಿಲ್ಲಿಸಿದೆ. ಹೊತ್ತು ಆಗ ತಾನೇ ಹುಟ್ಟುತ್ತಿತ್ತು. ಅಕ್ಕನ ಕೈಯಲ್ಲಿ ಬಟ್ಟೆ ಮುಚ್ಚಿದ ಚೊಂಬು. ಅದರಲ್ಲಿ ಅವರ ಮನೆ ಬಾವಿಯ ನೀರು. ಲಿಂಗಪೂಜೆಗೆ ಬೇರೆಯಾಗಿ ಎತ್ತಿಡುವ ನೀರಿಗೆ ನಮ್ಮಲ್ಲಿ ಅಗ್ಘವಣಿ ಅನ್ನುತ್ತಾರೆ. "ಮೈಗೆ ನಿನ್ ವ್ಯಾನಿನ್ ನೀರಾಗ್ಲಿ, ಲಿಂಗಕ್ಕೆ ಇದೇಯ" ಅಂದಿದ್ದಳು.

ಜಂಬದಿಂದ ಸ್ವಿಚ್ ಒತ್ತಿದೆ. ಪಂಪು ಗುಯ್ಯೆಂದಿತು. ನಲ್ಲಿಯಲ್ಲಿ ಒಂದು ಹನಿ ಇಲ್ಲ.

ಬ್ಯಾಟರಿಗೆ ಮೀಟರ್ ಹಿಡಿದೆ, ಸರಿಯಿದೆ. ಫ್ಯೂಸ್ ಸರಿಯಿದೆ. ಟ್ಯಾಂಕ್ ತುಂಬಿದೆ, ಕೈಯಾರೆ ತುಂಬಿಸಿದ್ದೇನೆ. ತುಂಬುವ ಬಾಯಿ ಕಿರಿದು, ಲೋಟ ಕೂಡ ಇಳಿಯದು. ಕಾಲ ಕೆಳಗೆ ಅಷ್ಟೊಂದು ನೀರಿಟ್ಟುಕೊಂಡು ಅದನ್ನು ಹೊರಗೆ ತೆಗೆಯಲು ದಾರಿಯಿಲ್ಲ! ಬೇಡ ಅಂದ ಟ್ಯಾಂಕಿನಡಿಯ ಆ ನಲ್ಲಿ ನೆನಪಾಗಿ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವ ಹಾಗಾಯಿತು. ಬಿಸಿಲು ಏರಿತು. ಅಕ್ಕನ ತುಟಿ ಒಣಗಿದ್ದು ಕಾಣುತ್ತಿತ್ತು. ಮನೆಗೆ ವಾಪಸ್ ಹೋಗಬಹುದಿತ್ತು, ದೂರವೇನಿಲ್ಲ. ಆದರೆ ಈಗ ತಿರುಗಿದರೆ ಈ ಜನ್ಮದಲ್ಲಿ ಅವಳು ಮತ್ತೆ ಹೊರಡುವುದಿಲ್ಲ ಅಂತ ನನಗೆ ಗೊತ್ತಿತ್ತು. ವೈರು ಕೀಳುವುದು, ಸಿಕ್ಕಿಸುವುದು, ಬೈಯುವುದು, ಮತ್ತೆ ಕೀಳುವುದು. ಅಳು ಬಂದುಬಿಟ್ಟಿತ್ತು.

"ವಸಿ ಸುಮ್ಕಿರು" ಅಂತ ಅಕ್ಕ ಬಂದು ಪಂಪಿನ ಮೇಲೆ ಅಂಗೈ ಇಟ್ಟಳು. ಕಣ್ಣು ಮುಚ್ಚಿ ಕೇಳಿಸಿಕೊಂಡಳು. "ಇದು ನೀರಿನ್ ಸದ್ದಲ್ಲ ಕಣಮ್ಮಿ. ಗಾಳಿ ಕುಡೀತಾ ಅದೆ." ಬೆರಳಾಡಿಸಿ ಪೈಪಿನ ಸಡಿಲ ಜಾಗ ಹುಡುಕಿದಳು, ಟವೆಲಿನ ಅಂಚು ಹರಿದು ಬಿಗಿಯಾಗಿ ಸುತ್ತಿದಳು. "ಒಣಗಿರೋ ಪಂಪ್ ನೀರೆತ್ತಕಿಲ್ಲ. ಬಾಯಿಗೆ ವಸಿ ನೀರು ಉಯ್ಬೇಕು."

ನೀರೆಲ್ಲಿ? ವ್ಯಾನಿನಲ್ಲೇ ನೀರಿದೆ ಅನ್ನುವ ಧೈರ್ಯದಲ್ಲಿ ಒಂದು ಬಾಟಲಿಯನ್ನೂ ತಂದಿರಲಿಲ್ಲ. "ಫ್ಲಾಸ್ಕಿನಲ್ಲಿ ಕಾಫಿ ಇದೆ..." ಅಂದೆ.

"ಥೂ ನಿನ್ನ!"

ಅಕ್ಕ ಚೊಂಬಿನ ಮೇಲಿನ ಬಟ್ಟೆ ತೆಗೆದಳು. ನಾನು ಕೈ ಹಿಡಿದುಕೊಂಡೆ. ಅದು ಹೋದರೆ ಪೂಜೆಗೇನು ಗತಿ? "ಅಕ್ಕ, ಅದು ಅಗ್ಘವಣಿ ಕಣಕ್ಕ, ಬೇಡ" ಅಂದೆ, ಇಷ್ಟು ವರ್ಷ ಅವಳ ಪೂಜೆಯನ್ನು ಆಡಿಕೊಂಡ ಬಾಯಲ್ಲಿ. "ಕೊಡ್ದೆ ಬತ್ತದೇನಮ್ಮಿ? ಬುಡು" ಅಂತ ಕೈ ಕೊಸರಿಕೊಂಡು, ಪೈಪು ಕಿತ್ತು, ಪಂಪಿನ ಬಾಯಿಗೆ ನಿಧಾನವಾಗಿ ಹುಯ್ದಳು. ತಳದ ಹನಿಯನ್ನೂ ಬಿಡಲಿಲ್ಲ. ಪೈಪು ಸಿಕ್ಕಿಸಿ, "ಊಂ, ಒತ್ತು" ಅಂದಳು.

ನಲ್ಲಿ ಕೆಮ್ಮಿತು, ಎರಡು ಸಲ ಉಗುಳಿತು, ಆಮೇಲೆ ಸುರಿಯಿತು. ಆ ಒಣ ಬೋರೆಯ ಮೇಲೆ, ಬಿಸಿಲಿನಿಂದ ಬಂದ ಕರೆಂಟಿನಲ್ಲಿ ನೀರು! ಆಮೇಲೆ ಎಷ್ಟೋ ಸಲ ಆ ನಲ್ಲಿ ತಿರುಗಿಸಿದ್ದೇನೆ, ಅವತ್ತಿನ ಹಾಗೆ ಮೈ ಜುಂ ಅಂದದ್ದು ಇನ್ನೊಂದು ಸಲ ಇಲ್ಲ. ಅವಳ ಸ್ನಾನಕ್ಕೆ ಎರಡು ಬಕೆಟ್ ಅಂತ ನಾನು ಲೆಕ್ಕ ಹಾಕಿದ್ದೆ. ಅರ್ಧ ಬಕೆಟ್ಟಿನಲ್ಲಿ ಮಿಂದು, ಸೀರೆಯನ್ನೂ ಜಾಲಿಸಿ ವ್ಯಾನಿನೊಳಗಿನ ಹಗ್ಗಕ್ಕೆ ಹಾಕಿದಳು.

ಮತ್ತೆ ಖಾಲಿ ಚೊಂಬು ತಂದು ನಲ್ಲಿಯ ಕೆಳಗಿಟ್ಟಳು. ನಾನು ಅವಳ ಮುಖ ನೋಡಿದೆ. "ಯಾಕಂಗ್ ನೋಡೀಯೆ? ನಮ್ ಬಾವಿ ನೀರು ಇದ್ರೊಳಗೇ ಸೇರ್ಕಂಡದೆ" ಅಂದಳು. ಮಂಚದ ಮೇಲೆ ಕೂತು ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು, ಬಲಗೈಯಿಂದ ಆ ನೀರನ್ನು ಹನಿ ಹನಿಯಾಗಿ ಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ನಾನು ನನಗೇ ತಿಳಿಯದೆ ಚಪ್ಪಲಿ ಕಳಚಿದ್ದೆ. ಪೂಜೆ ಮುಗಿಸಿ ಅದೇ ನಲ್ಲಿಯ ನೀರನ್ನು ಒಂದು ಲೋಟ ಪೂರ್ತಿ, ಗಟಗಟನೆ ಕುಡಿದಳು.

ಪರೀಕ್ಷೆ ಮುಗಿಯಿತಲ್ಲ ಅಂತ ನಾನು ವ್ಯಾನ್ ಸ್ಟಾರ್ಟ್ ಮಾಡಿ ಹೆಮ್ಮರಗಾಲದ ಕಡೆಗೆ ತಿರುಗಿಸತೊಡಗಿದೆ.

"ಅತ್ಲಾಗ್ಯಾಕಮ್ಮಿ?" ಅಂದಳು ಅಕ್ಕ.

"ಮನೆಗೆ ಬೇಡವಾ? ಬಟ್ಟೆಬರೆ ಏನೂ ತಂದಿಲ್ಲವಲ್ಲಕ್ಕ."

"ಒಂದು ಉಟ್ಕಂಡಿವ್ನಿ, ಒಂದು ಒಣಗ್ತಾ ಅದೆ" ಅಂತ ಅವಳು ಸೀಟಿನಲ್ಲಿ ಸರಿಯಾಗಿ ಕೂತುಕೊಂಡಳು. "ಶ್ರೀಶೈಲ ಯಾವ್ ಕಡೀಕೋ ಅತ್ಲಾಗ್ ತಿರುಗ್ಸು."