ರೋಮನ್ನರ ವಕೀಲ ಸಂಗಪ್ಪ

ರೋಮ್‌ಗೆ ಯಾತ್ರೆ ಹೋಗಿಬಂದವರು ಪ್ರಾಜೆಕ್ಟ್ ಮ್ಯಾನೇಜರ್ ಕಜೆಟನ್. ಆದರೆ ಕೊಲ್ಲಿ ದೇಶದ ಮೀನಾ ಅಬ್ದುಲ್ಲಾದ ಕಟ್ಟಡದ ಸೈಟಿನಲ್ಲಿ ರೋಮಿನ ಬಗ್ಗೆ ಬಾಯಿ ಬಿಡುವ ಹಕ್ಕು ಫೋರ್‌ಮನ್ ಸಂಗಪ್ಪನಿಗೆ ಮಾತ್ರ. ಶುಕ್ರವಾರದ ಸಂತೆಯಲ್ಲಿ ಕೊಂಡ ಹಳೆಯ ಚಿತ್ರಪುಸ್ತಕವೊಂದೇ ಅವನ ವಿಶ್ವವಿದ್ಯಾಲಯ. ಪಂಪು ಕೆಟ್ಟರೆ, "ರೋಮಿನವ್ರು ಪಂಪ್ ಇಲ್ಲದನ ಊರಿಗೆ ನೀರ ತಂದಿದ್ರು, ಬಿಡ್ರಿ" ಎನ್ನುತ್ತಾನೆ. ಊಟಕ್ಕೆ ಕೂತರೆ ಖುಬೂಸ್ ರೊಟ್ಟಿ ಬಗ್ಗಿಸಿ ಕಮಾನು ನಿಲ್ಲಿಸಿ ತೋರಿಸದೆ ಯಾರಿಗೂ ಸಾರು ಮುಟ್ಟಗೊಡುವುದಿಲ್ಲ. ಕಾಂಕ್ರೀಟ್ ಲಾರಿ ಬಂದರಂತೂ, ಸುಣ್ಣಕ್ಕೆ ಬೂದಿ ಕಲಸಿ ಎರಡು ಸಾವಿರ ವರ್ಷ ನಿಂತ ಗುಮ್ಮಟದ ಪುರಾಣ ಮುಗಿಯುವುದರೊಳಗೆ ಇತ್ತ ಲಾರಿಯಲ್ಲಿದ್ದದ್ದೇ ಗಟ್ಟಿಯಾಗುವ ಭಯ. "ಇವನು ನಮ್ಮ ಕಂಪನಿಯವನೋ, ಸೀಸರನ ಕಡೆಯವನೋ ಮಾರಾಯ್ರೆ?" ಎಂದು ಕಜೆಟನ್ ಹಣೆ ಚಚ್ಚಿಕೊಳ್ಳುತ್ತಾರೆ. ಮೊನ್ನೆ ಗಡುವು ಹತ್ತಿರ ಬಂದಾಗ ಅವರು, ಹಾಕಿ ಐದೇ ದಿನವಾಗಿದ್ದ, ಇನ್ನೂ ಪೂರಾ ಬಲಿಯದ ಸ್ಲ್ಯಾಬಿಗೆ ಆಸರೆಯಾಗಿದ್ದ ಸೆಂಟ್ರಿಂಗ್ ಬಿಚ್ಚಿಸಲು ಹೇಳಿದರು. "ಬಿಚ್ಚೋಣ್ರಿ ಸಾಹೇಬ್ರ. ಕಮಾನಿನ ಆಸರಾ ತಗಿಯೂಮುಂದ ಕಟ್ಟಿಸಿದಾಂವ ಕೆಳಗ ನಿಂದರಬೇಕಂತ ರೋಮಿನ ಕಥಿ ಐತಿ. ಮಂದೀನ ಯಾಕ ಸಾಯಿಸೋದು? ನಾ ನಿಂದರತೀನಿ, ನೀವೂ ಬರ್ರಿ" ಎಂದವನೇ ಸಂಗಪ್ಪ ಸ್ಲ್ಯಾಬಿನಡಿ ಹೋಗಿ ನಿಂತ. ಸುತ್ತಿಗೆ ಹಿಡಿದ ಎಂಟು ಮಂದಿ ಕಜೆಟನ್ನರ ಮುಖ ನೋಡಿದರು. ಕಜೆಟನ್ ಸ್ಲ್ಯಾಬಿನ ಅಂಚಿನವರೆಗೆ ಬಂದವರು ಅದರಡಿ ಕಾಲಿಡಲಿಲ್ಲ. "ಖಲಾಸ್ ಮಾರಾಯ, ಸಾಕು, ಹೊರಗೆ ಬಾ," ಎಂದರು, "ಗಡುವಿನ ವಿಷಯ ಮೇಲಿನವರಿಗೆ ನಾನು ಹೇಳ್ಕೊಳ್ತೇನೆ."