ಪೂಜಿತಾ ಬೇಡವೆಂದ ಹದಿನೇಳು ನಿಮಿಷ

ಬೆಳಗ್ಗೆ ಆರೂವರೆ. ಕೇರಳ ಗಡಿಗೆ ತಾಗಿದ ಮಂಡೆಕೋಲಿನ ಒಂದು ಹೆಂಚಿನ ಮನೆಯಲ್ಲಿ ಆಫ್ರಾ ಮೊಣಕಾಲೂರಿ, ಮಂಚದ ಅಂಚಿಗೆ ಕೆನ್ನೆ ಒತ್ತಿ ಕೂತಿದ್ದಾರೆ. ಎದುರಿಗೆ ಕವುಚಿ ಹಾಕಿದ ಬಕೆಟ್ಟು, ಅದರ ಮೇಲೆ ಲ್ಯಾಪ್‌ಟಾಪ್. ತಲೆದಿಂಬಿನ ಮೇಲಿರುವ ಪೂಜಿತಾಳ ಕಣ್ಣಿಗೆ ಪರದೆ ಹೇಗೆ ಕಾಣುತ್ತದೆ ಎಂದು ಅದೇ ಎತ್ತರದಿಂದ ನೋಡುತ್ತಾರೆ. ಸ್ವಲ್ಪ ತಗ್ಗು. ಎದ್ದು ಹೋಗಿ ಇನ್ನೊಂದು ಬಕೆಟ್ ತಂದು ಮೊದಲಿನದರ ಮೇಲೆ ಪೇರಿಸುತ್ತಾರೆ. ಕಿಟಕಿಯ ಬಿಸಿಲು ಪರದೆಗೆ ಹೊಡೆಯುತ್ತದೆಂದು ಅಲ್ಲೊಂದು ಬೈರಾಸು ಕಟ್ಟುತ್ತಾರೆ. ಮತ್ತೆ ಮೊಣಕಾಲೂರಿ, ಮತ್ತೆ ಕೆನ್ನೆ ಒತ್ತಿ ನೋಡುತ್ತಾರೆ. ಕ್ಯಾಮೆರಾ ಇವತ್ತು ಚೀಲದಲ್ಲೇ ಉಂಟು.

ಪೂಜಿತಾಳ ತಾಯಿ ಸುಂದರಿ ಬಟ್ಟಲಲ್ಲಿ ರಾಗಿ ಮಣ್ಣಿ ಆರಿಸುತ್ತಾ ಬಾಗಿಲಲ್ಲಿ ನಿಂತಿದ್ದಾರೆ. "ಇದೊಂದು ಕೊಟ್ಟರೆ ಮತ್ತೆ ಎಂತದೂ ಬೇಡ ಇವಳಿಗೆ. ಹುಟ್ಟಿದಾಗಿಂದ ಇದೇ ಇಷ್ಟ" ಎನ್ನುತ್ತಾರೆ ಪೇಪರಿಗೆ ಬರೆಯಲು ಬಂದ ನನ್ನೊಡನೆ. ಮಗಳಿಗೆ ಇಪ್ಪತ್ನಾಲ್ಕು, ನನಗಿಂತ ಎರಡು ತಿಂಗಳಿಗೆ ದೊಡ್ಡವಳು. ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲದ ಕೊನೆಗೆ ಹುಟ್ಟಿದವಳು. ಕೈಕಾಲು ಮಾತು ಕೇಳುವುದಿಲ್ಲ, ಬಾಯಿಂದ ಮಾತು ಹೊರಡುವುದಿಲ್ಲ. 'ಅವಳಿಗೆ ಎಂತದೂ ಗೊತ್ತಾಗುದಿಲ್ಲ' ಎಂಬುದು ಮೊನ್ನೆ ಮೊನ್ನೆಯವರೆಗೆ ಊರಿನ ತೀರ್ಮಾನ.

ಅಜ್ಜಾವರದ ಆಫ್ರಾಗೆ ಮೂವತ್ತೊಂದು. ವೃತ್ತಿಯಿಂದ ಮದುವೆ ವಿಡಿಯೋದವರು, ಅದೂ ಹೆಂಗಸರ ಕಡೆಯದು ಮಾತ್ರ. ತಂದೆ ಮೂಸಕುಂಞಿ ಸುಳ್ಯದಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದರು. ಬ್ಯಾರಿ ಮುಸ್ಲಿಮರ ಮದುವೆಯ ಹೆಂಗಸರ ಹಾಲಿಗೆ ಗಂಡಸರು ಕ್ಯಾಮೆರಾ ಹಿಡಿದು ಹೋಗುವಂತಿಲ್ಲವಾದ್ದರಿಂದ ಹದಿನೇಳರ ಮಗಳ ಕೈಗೆ ಅದು ಬಂತು. ಈಗ ವರ್ಷಕ್ಕೆ ಹೆಚ್ಚುಕಡಿಮೆ ಮೂವತ್ತೆಂಟು ಮದುವೆ. ಉಳಿದ ದಿನಗಳಲ್ಲಿ ಸ್ಕೂಟರಿನ ಕಾಲಡಿ ಟ್ರೈಪಾಡ್ ಇಟ್ಟುಕೊಂಡು ಪುತ್ತೂರು, ಕಡಬ, ಸುಳ್ಯದ ಒಳದಾರಿಗಳಲ್ಲಿ ಓಡಾಟ. ದಾರಿಬದಿಯ ಅಂಗಡಿಯ ಆದಂ ಕುಂಞಿ ಪ್ರತಿ ಸಲ ಕೇಳುತ್ತಾರಂತೆ, "ಎಂತ ಆಫ್ರಾ, ಇವತ್ತು ಯಾರ ಮದುವೆ?"

"ಮದುವೆ ಅಲ್ಲ ಕಾಕ, ಡಾಕ್ಯುಮೆಂಟರಿ."

"ಅದರಲ್ಲಿ ಬಿರಿಯಾನಿ ಉಂಟಾ?"

"ಇಲ್ಲ."

"ಹಾಗಾದ್ರೆ ಯಾಕೆ ಹೋಗುದು ಮಾರಾಯ್ತಿ!"

ಒಂಬತ್ತು ವರ್ಷದ ಹಿಂದೆ ಕಡಬದ ಕಡೆಯ ಒಂದು ಮದುವೆ ಮನೆಯಲ್ಲಿ ಅವರಿಗೆ ಹೇಳಿದರಂತೆ, ಎಲ್ಲ ಶೂಟ್ ಮಾಡು, ಆ ಕೊನೆಯ ಕೋಣೆಗೆ ಮಾತ್ರ ಹೋಗಬೇಡ ಎಂದು. ಮದುಮಗಳ ಮಾತು ಬಾರದ ತಮ್ಮನನ್ನು ನೆಂಟರ ಕಣ್ಣಿಗೆ ಬೀಳದ ಹಾಗೆ ಅಲ್ಲಿ ಮಲಗಿಸಿದ್ದರು. ಮದುವೆ ಕಳೆದು ವಾರಕ್ಕೆ ಆಫ್ರಾ ಆ ಕೋಣೆಗೇ ಹೋದರು. ಅದು ಮೊದಲ ಚಿತ್ರ. ಆಮೇಲೆ ಆರು. ಹದಿನಾರಕ್ಕೆ ರಬ್ಬರ್ ಟ್ಯಾಪಿಂಗ್ ಕತ್ತಿ ಹಿಡಿದು ಮನೆ ನಡೆಸುವ ಹುಡುಗ, ಬಸ್ಸಿಲ್ಲದೆ ಕಾಲೇಜು ಬಿಟ್ಟ ಹುಡುಗಿಯರು, ಇಪ್ಪತ್ತೆರಡಕ್ಕೆ ಬೆನ್ನು ಮುರಿದುಕೊಂಡು ಗಲ್ಫಿನಿಂದ ಮರಳಿದವನು. ತೋರಿಸುವುದು ಅಂಗನವಾಡಿಯಲ್ಲಿ, ಮದರಸದ ಮಹಡಿಯಲ್ಲಿ, ಭಜನಾ ಮಂದಿರದ ಗೋಡೆಗೆ ಬಿಳಿ ಲುಂಗಿ ಕಟ್ಟಿ.

ಈ ಚಿತ್ರಗಳಿಗೆಲ್ಲ ಒಂದೇ ನಿಯಮ. ಅದು ಬಂದದ್ದು ಮದುವೆ ಮನೆಯಿಂದ. ಹೆಂಗಸರ ಹಾಲಿನ ವಿಡಿಯೋವನ್ನು ಮೊದಲು ಹೆಂಗಸರೇ ಕೂತು ನೋಡಬೇಕು. ಚೌಕಟ್ಟಿನೊಳಗೆ ಇರುವ ಯಾರೇ ಆಗಲಿ 'ತೆಗಿ' ಎಂದರೆ ತೆಗೆದುಹಾಕಬೇಕು. "ಶಾಲು ಜಾರಿದೆ, ತೆಗಿ ಅಂತಾರೆ. ಮೈಮೂನಮ್ಮ ಅಂತ ಒಬ್ಬರು, 'ನಾನು ಎರಡನೇ ಸಲ ಬಡಿಸಿಕೊಳ್ಳುದು ಉಂಟಲ್ಲ, ಅದನ್ನು ಮೊದಲು ತೆಗಿ' ಅಂದ್ರು. ತೆಗೆದೆ. ಮುಖ ಅವರದ್ದು, ನನ್ನದಲ್ಲ" ಎಂದು ಆಫ್ರಾ ನಗುತ್ತಾರೆ. ಸಾಕ್ಷ್ಯಚಿತ್ರವನ್ನೂ ಹಾಗೆಯೇ, ಚಿತ್ರದೊಳಗಿನವರು ನೋಡಿ ಒಪ್ಪದೆ ಹೊರಗೆ ಬಿಟ್ಟದ್ದಿಲ್ಲ.

ಬಿಟ್ಟದ್ದಿಲ್ಲ ಎಂದು ಅವರೂ ನಂಬಿದ್ದರು.

ಪೂಜಿತಾಳ ಮನೆಗೆ ಅವರು ಎರಡು ವರ್ಷದಲ್ಲಿ ಅರವತ್ತೊಂದು ಸಲ ಬಂದಿದ್ದಾರೆ. ನಲ್ವತ್ತಮೂರು ಗಂಟೆಯ ಚಿತ್ರೀಕರಣ ಸೋಸಿ ಇಪ್ಪತ್ತಾರು ನಿಮಿಷವಾಯಿತು. ಸುಂದರಿ ನೋಡಿ ಒಪ್ಪಿದರು, ತಂದೆ ಸಂಕಪ್ಪ ಒಪ್ಪಿದರು. ಚಿತ್ರದಲ್ಲಿ ಸುಂದರಿ ಹೇಳುವ ಒಂದು ಮಾತುಂಟು, ದೇವರಲ್ಲಿ ತಾನು ಏನು ಬೇಡಿಕೊಳ್ಳುತ್ತೇನೆ ಎಂದು. ಮಗಳ ಸಾವು ಬದುಕಿನ ಮಾತು. ನೋಡಿದವರೆಲ್ಲ ಅಲ್ಲಿ ಅತ್ತರು. ಕಳೆದ ತಿಂಗಳು ಕೊನೆಯ ತಿದ್ದುಪಡಿಗೆ ಕೂತಾಗ, ಆ ಮಾತಿನ ಯಾವ ಚಿತ್ರಿಕೆ ಇಡಲಿ ಎಂದು ಆಫ್ರಾ ಮೂರು ಬೇರೆ ಬೇರೆ ದಿನಗಳದ್ದನ್ನು ಒಟ್ಟಿಗೆ ಹಾಕಿ ನೋಡುತ್ತಿದ್ದರು.

"ನಾನು ಸುಂದರಿಯಕ್ಕನನ್ನೇ ನೋಡ್ತಿದ್ದೆ. ಹಿಂದೆ ಮಂಚದಲ್ಲಿ ಪೂಜಿತಾ ಉಂಟಲ್ಲ, ಅವಳನ್ನು ಯಾರು ನೋಡುದು? ಆ ಮಾತು ಬಂತು, ಅವಳ ಕಣ್ಣು ಗೋಡೆಗೆ ತಿರುಗಿತು. ಅಮ್ಮ ಕೋಳಿಯ ವಿಷಯ ಶುರು ಮಾಡಿದ್ರು, ಕಣ್ಣು ವಾಪಸ್ ಬಂತು. ಇನ್ನೊಂದು ದಿನದ್ದು ಹಾಕಿದೆ. ಅದೇ ಮಾತು, ಅದೇ ಗೋಡೆ. ಮೂರನೆಯದ್ದೂ ಹಾಗೇ. ಅಲ್ಲಿಗೇ ನಿಲ್ಲಿಸಿದೆ. ಇವಳಿಗೆ ಎಲ್ಲ ಕೇಳ್ತದೆ! ಎಲ್ಲ ಅರ್ಥ ಆಗ್ತದೆ! ನಾನು ಎಲ್ಲರ ಹತ್ತಿರ ಕೇಳಿದ್ದೆ, ಇವಳ ಹತ್ತಿರ ಕೇಳ್ಲೇ ಇಲ್ಲ."

ನನ್ನಜ್ಜಿಯ ಕಥೆಗಳಲ್ಲಿ ಕಲ್ಲಾದ ರಾಜಕುಮಾರಿ ಒಬ್ಬಳಿದ್ದಳು. ಹನ್ನೆರಡು ವರ್ಷ ಜನ ಅವಳ ಮೇಲೆ ಬಟ್ಟೆ ಒಣಗಿಸುತ್ತಿದ್ದರು, ಕತ್ತಿ ಮಸೆಯುತ್ತಿದ್ದರು. ಕಲ್ಲಿಗೆ ಕಿವಿ ಕೇಳುತ್ತಿತ್ತೇ ಎಂದು ನಾನು ಅಜ್ಜಿಯನ್ನು ಒಮ್ಮೆಯೂ ಕೇಳಲಿಲ್ಲ.

ಮರುದಿನವೇ ಬಂದು ಆಫ್ರಾ ತುಳುವಿನಲ್ಲಿ ಕೇಳಿದರಂತೆ, 'ಬೊಡ್ಚಿ ಅಂದರೆ ಗೋಡೆ ನೋಡ್ತಿ, ಅಲ್ವಾ? ಬೋಡು ಅಂದರೆ ಎಲ್ಲಿ ನೋಡುದು?' ಬೋಡು ಎಂದರೆ ಬೇಕು, ಬೊಡ್ಚಿ ಎಂದರೆ ಬೇಡ. ಪೂಜಿತಾ ಕಣ್ಣೆತ್ತಿ ಮಾಡಿನ ಹೆಂಚು ನೋಡಿದಳು. ಸುಂದರಿ ನಂಬಲಿಲ್ಲ. "ನೊಣ ಬಂದ್ರೂ ಕಣ್ಣು ಅಲ್ಲಾಡ್ತದೆ ಮಾರಾಯ್ತಿ" ಎಂದರು.

ಬರುವ ಭಾನುವಾರ ಪುತ್ತೂರಿನಲ್ಲಿ ಪ್ರದರ್ಶನವಿದೆ. ಇಂಥ ಮಕ್ಕಳಿಗೆ ಈ ಗಡಿ ಭಾಗದಲ್ಲಿ ಒಂದು ಹಗಲು ಪಾಲನಾ ಕೇಂದ್ರ ಬೇಕೋ ಬೇಡವೋ ಎಂದು ನಿರ್ಧರಿಸುವವರು ನೋಡಲು ಬರುತ್ತಾರೆ. ಏರ್ಪಾಡು ಮಾಡಿದ ರಾಧಾಕೃಷ್ಣ ಮಾಸ್ಟ್ರು ಮೊದಲೇ ಎಚ್ಚರಿಸಿದ್ದಾರೆ, "ಆ ಮಾತು ಇದ್ರೆ ಕೇಂದ್ರ ಬರ್ತದೆ. ಇಲ್ಲದಿದ್ರೆ ಚಪ್ಪಾಳೆ ಮಾತ್ರ." ಅದಕ್ಕೇ ಇವತ್ತಿನ ಬಕೆಟ್ಟು, ಬೈರಾಸು. ಚಿತ್ರ ಪೂಜಿತಾಳ ಮುಂದೆ ಮೊದಲ ಸಲ ಓಡುತ್ತಿದೆ.

ನಾಲ್ಕನೇ ನಿಮಿಷಕ್ಕೆ ಆ ಮಾತು ಬರುತ್ತದೆ. ಆಫ್ರಾ ನಿಲ್ಲಿಸಿ ಕೇಳುತ್ತಾರೆ, "ಇದು ಇರಲಾ?"

ಕಣ್ಣು ಗೋಡೆಗೆ.

"ನೊಣ" ಎನ್ನುತ್ತಾರೆ ಸುಂದರಿ. ದನಿಯಲ್ಲಿ ಜೀವವಿಲ್ಲ.

ಆಫ್ರಾ ಪ್ರಶ್ನೆಯನ್ನು ತಿರುಗಿಸುತ್ತಾರೆ. "ಪೂಜಿತಾ, ಇದನ್ನು ತೆಗೆಯಲಾ?"

ಕಣ್ಣು ಗೋಡೆ ಬಿಟ್ಟು, ನಿಧಾನಕ್ಕೆ ಏರಿ, ಹೆಂಚಿನಲ್ಲಿ ನಿಲ್ಲುತ್ತದೆ.

ಸುಂದರಿ ಬಟ್ಟಲು ಕೆಳಗಿಟ್ಟು ಹೊಸ್ತಿಲಲ್ಲೇ ಕೂರುತ್ತಾರೆ. "ಎಲ್ಲ ಕೇಳ್ತಿತ್ತಾ ಇವಳಿಗೆ? ಬಂದವರ ಹತ್ತಿರ ಎಲ್ಲ ಹೇಳಿದ್ದೇನಲ್ಲ ನಾನು... ಡಾಕ್ಟ್ರ ಹತ್ತಿರ, ಪೇಪರಿನವರ ಹತ್ತಿರ. ಇವಳ ತಲೆ ಹತ್ತಿರವೇ ಕೂತು." ಪೇಪರಿನವರು ಎಂದರೆ ನಾವು. ಕೇಳಿ ಕೇಳಿ ಆ ಮಾತನ್ನು ಹೇಳಿಸಿದವರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಈ ಬರಹವನ್ನೂ ಪೂಜಿತಾಳಿಗೆ ಓದಿ ಹೇಳಿದ್ದೇನೆ. ಎರಡು ಕಡೆ ಗೋಡೆ ನೋಡಿದಳು, ಆ ಎರಡು ಪ್ಯಾರಾ ಇಲ್ಲಿಲ್ಲ.

ಇಪ್ಪತ್ತಾರು ನಿಮಿಷ ನೋಡಿ ಮುಗಿಸಲು ಮೂರೂವರೆ ಗಂಟೆ ಬೇಕಾಗುತ್ತದೆ. ಬಾಯಿ ಒರೆಸುವುದು ಗೋಡೆ. ಮೀಯಿಸಲು ಎತ್ತಿಕೊಂಡು ಹೋಗುವುದು ಗೋಡೆ. ನೆರೆಯವರ ಅಯ್ಯೋ ಪಾಪ, ಗೋಡೆ. ನಡುವೆ ಸಂಕಪ್ಪ ರಬ್ಬರ್ ಹಾಲಿನ ಬಕೆಟ್ ಹಿಡಿದು ಬರುತ್ತಾರೆ. ಪರದೆಯಲ್ಲಿ ಅದೇ ಸಂಕಪ್ಪ ಅಂಗಳದ ಪಾವಟಿಗೆಯಲ್ಲಿ ಜಾರಿ, ಹಾಲು ಸಮೇತ ಬೀಳುತ್ತಿದ್ದಾರೆ. ಹಿನ್ನೆಲೆಯಲ್ಲಿ ಗೊರಗೊರ ಎಂದೊಂದು ಸದ್ದು. ಅಪಸ್ಮಾರದ ಸದ್ದೆಂದು ಎಲ್ಲರೂ ತಿಳಿದಿದ್ದರು. ಅದು ಪೂಜಿತಾಳ ನಗು.

"ಇದನ್ನು ತೆಗಿ" ಎನ್ನುತ್ತಾರೆ ಸಂಕಪ್ಪ. "ಊರೆಲ್ಲ ನೋಡುದು ಬೇಡ. ನನಗೂ ಬೊಡ್ಚಿ ಹೇಳ್ಲಿಕ್ಕೆ ಉಂಟಲ್ಲ?"

"ಉಂಟು ಅಣ್ಣ. ನಿಮಗೂ ಹಕ್ಕು ಉಂಟು. ಪೂಜಿತಾ, ನಿನಗೆ ಇದು ಇರಲಾ?"

ಸಂಕಪ್ಪ ಮಗಳ ಕಡೆ ತಿರುಗುತ್ತಾರೆ. ಅವಳು ಹೆಂಚನ್ನೇ ನೋಡುತ್ತಿದ್ದಾಳೆ, ರೆಪ್ಪೆ ಬಡಿಯದೆ. ಅವರು ಬಕೆಟ್ ಕೆಳಗಿಡುತ್ತಾರೆ. "ಇರ್ಲಿ ಬಿಡು. ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಕೇಳಿದ್ದಾಳೆ."

ಕೊನೆಗೆ ಉಳಿದದ್ದು ಒಂಬತ್ತು ನಿಮಿಷ. ಆಫ್ರಾ ಅಂಗಳಕ್ಕೆ ಹೋಗಿ ಮಾಸ್ಟ್ರಿಗೆ ಫೋನ್ ಮಾಡುತ್ತಾರೆ. ಆ ಕಡೆಯ ದನಿ ನನಗೂ ಕೇಳಿಸುತ್ತದೆ, "ಅಳುವ ಸೀನ್ ಉಂಟಲ್ಲ?"

"ಇಲ್ಲ ಮಾಸ್ಟ್ರೆ. ನಗುವ ಸೀನ್ ಉಂಟು."

ಕೇಂದ್ರ ಬರುತ್ತದೋ ಇಲ್ಲವೋ ಆಫ್ರಾಗೂ ಗೊತ್ತಿಲ್ಲ. ಅವರ ಆಸೆ ಈಗ ಬೇರೆ. ಹಳೆಯ ಏಳು ಚಿತ್ರಗಳಲ್ಲಿ ಮಾತು ಬಾರದವರು ಮೂವರಿದ್ದಾರೆ, ಕಡಬದಲ್ಲೊಬ್ಬ, ಪುತ್ತೂರಿನ ಕಡೆ ಇಬ್ಬರು. ಮೂವರ ಮನೆಗೂ ಈ ಲ್ಯಾಪ್‌ಟಾಪ್ ಹೊತ್ತು ಹೋಗಬೇಕು. "ಅವರು ಪೂರ್ತಿ ಬೇಡ ಅಂದ್ರೆ?" ಎಂದು ಕೇಳುತ್ತೇನೆ. "ಅಳಿಸುದು. ಮೈಮೂನಮ್ಮನಿಗೆ ಇದ್ದ ಹಕ್ಕು ಅವರಿಗೆ ಇಲ್ವಾ?"

ಒಳಗೆ ಹತ್ತು ಗಂಟೆಯ ಬಿಸಿಲು ಬಂದಿದೆ. ಮಣ್ಣಿ ತಣಿದು ಕೆನೆಗಟ್ಟಿದೆ. ಸುಂದರಿ ರೂಢಿಯಂತೆ ಚಮಚ ತುಂಬಿಸಿ ಮಗಳ ಬಾಯಿಯ ಹತ್ತಿರ ಒಯ್ಯುತ್ತಾರೆ. ಅರ್ಧ ದಾರಿಯಲ್ಲಿ ಕೈ ನಿಲ್ಲುತ್ತದೆ. ಇಷ್ಟು ವರ್ಷ ಕೇಳದ ಪ್ರಶ್ನೆಯನ್ನು ಕೇಳುತ್ತಾರೆ.

"ಬೋಡಾ?"

ಪೂಜಿತಾ ಅಮ್ಮನನ್ನು ನೋಡುತ್ತಾಳೆ. ಚಮಚ ನೋಡುತ್ತಾಳೆ. ಆಮೇಲೆ, ಯಾವ ಅನುಮಾನಕ್ಕೂ ಎಡೆಯಿಲ್ಲದ ಹಾಗೆ, ಗೋಡೆ ನೋಡುತ್ತಾಳೆ.

"ಇಪ್ಪತ್ನಾಲ್ಕು ವರ್ಷ ಮಾರಾಯ್ತಿ!" ಸುಂದರಿ ಚಮಚ ಬಟ್ಟಲಿಗೆ ಹಾಕಿ ಎರಡೂ ಕೈ ತಲೆಯ ಮೇಲಿಡುತ್ತಾರೆ. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುವುದಿಲ್ಲ. ಮಂಚದಿಂದ ಗೊರಗೊರ ಸದ್ದು.

ಇಂಥದ್ದೊಂದು ಗಳಿಗೆಗೆ ಕಾದು ಅರವತ್ತೊಂದು ಸಲ ಬಂದವರು ಇವತ್ತು ಕ್ಯಾಮೆರಾವನ್ನು ಯಾಕೆ ಚೀಲದಿಂದ ತೆಗೆಯಲೇ ಇಲ್ಲ ಎಂದು ಆಫ್ರಾರನ್ನು ಕೇಳುತ್ತೇನೆ. ಅವರು ಕಿಟಕಿಯ ಬೈರಾಸು ಬಿಚ್ಚುತ್ತಾ ಹೇಳುತ್ತಾರೆ:

"ಅವಳ ಹತ್ತಿರ ಕೇಳಿರ್ಲಿಲ್ಲ ಅಲ್ವಾ."